ಎಂಟನೆಯ ಸಲ ಕೇಳಿದ ಹೂ

ಕರಿಯಮ್ಮ ತಾಯಿಯ ಒಕ್ಕಲಿನ ಹಿರಿಯರಿಗೂ ಅಕ್ಕ ತಂಗಿಯರಿಗೂ ಅಣ್ಣ ತಮ್ಮಂದಿರಿಗೂ ಕೈಮುಗಿದು ಇದನ್ನು ಬರೆಯುತ್ತಿದ್ದೇನೆ.

ನನ್ನ ಅವ್ವನ ಕುತ್ತಿಗೆಯಲ್ಲಿ ಗಂಟು ಕಂಡದ್ದು ಕಳೆದ ವರ್ಷ ಗೌರಿ ಹಬ್ಬದ ಮಾರನೇ ದಿನ ಬೆಳಿಗ್ಗೆ. ಬಾಗಿಲ ಮುಂದೆ ಕೂತು ನನ್ನ ಕೈಲಿ ತಲೆ ಬಾಚಿಸಿಕೊಳ್ಳುತ್ತಿದ್ದಳು. ಕರಿಮಣಿ ಸರ ಒಂದು ಕಡೆ ಎತ್ತರಕ್ಕೆ ಕೂತಿತ್ತು. ಸರಿ ಮಾಡಿದೆ, ಮತ್ತೆ ಅಲ್ಲಿಗೇ ಬಂತು. ಬೆರಳಿಟ್ಟು ನೋಡಿದರೆ ಒಳಗೆ ಗೋಲಿಯಂಥದ್ದೊಂದು ಗಟ್ಟಿಯಾಗಿ ಸಿಕ್ಕಿತು.

"ಯಾವಾಗಿಂದ ಐತವ್ವ ಇದು?"

"ಯಾವ್ದು? ಓ, ಅದಾ. ಇರ್ಲಿ ಬುಡು, ಅದೇನು ಊಟ ಕೇಳ್ತೈತಾ?"

ನಮ್ಮದು ಮಧುಗಿರಿಯಿಂದ ಸಿರಾ ಕಡೆಗೆ ಹೋಗುವ ದಾರಿಯಲ್ಲಿ ಒಳಗಿರುವ ಒಂದು ಹಟ್ಟಿ. ಅಪ್ಪ ಅವ್ವ ಕುರಿ ಸಾಕುತ್ತಾರೆ. ನಾನು ಮಧುಗಿರಿಯ ಕೋರ್ಟಿನ ಹತ್ತಿರ ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಡೈರಿ ಬರೆಯುವ ಅಭ್ಯಾಸವಿದೆ. ಸಂಜೆ ಬಸ್ಸಿನಲ್ಲಿ ಸೀಟು ಸಿಕ್ಕಿದ ಕೂಡಲೇ ಮೂರು ಪ್ರಶ್ನೆ ಬರೆದು ಉತ್ತರ ಬರೆಯುತ್ತೇನೆ: ಇವತ್ತು ಏನು ಮಾಡಿದೆ, ಯಾಕೆ ಮಾಡಿದೆ, ನಾಳೆ ಏನು ತಿದ್ದಿಕೊಳ್ಳಬೇಕು. ಫೋನಿನಲ್ಲಿ ಯಾರೋ ಹೇಳಿದ್ದು ಕೇಳಿ ಶುರು ಮಾಡಿದ್ದು. ನನ್ನನ್ನು ನಾನು ಚೆನ್ನಾಗಿ ಬಲ್ಲೆ ಅಂದುಕೊಂಡಿದ್ದೆ.

ಮಧುಗಿರಿಯ ಡಾಕ್ಟರು ಸ್ಕ್ಯಾನ್ ಮಾಡಿಸಿ, "ಥೈರಾಯಿಡ್ ಗಂಟು. ಅವಸರ ಏನಿಲ್ಲ, ಮೂರು ತಿಂಗಳು ಬಿಟ್ಟು ಇನ್ನೊಂದು ಸ್ಕ್ಯಾನ್ ನೋಡೋಣ" ಅಂದರು. ಮನಸ್ಸು ಕೇಳಲಿಲ್ಲ. ಮುಂದಿನ ಸೋಮವಾರ ಕೊರಟಗೆರೆ ಮೇಲೆ ಹೋಗುವ ಬಸ್ಸು ಹತ್ತಿ ಅವ್ವನನ್ನು ತುಮಕೂರಿಗೆ ಕರೆದುಕೊಂಡು ಹೋದೆ. ಅಲ್ಲಿ ಗಂಟಿಗೆ ಸೂಜಿ ಹಾಕಿ ಒಳಗಿನದನ್ನು ಸ್ವಲ್ಪ ತೆಗೆದು ಪರೀಕ್ಷೆಗೆ ಕಳಿಸಿದರು. ವಾರದ ಮೇಲೆ ರಿಪೋರ್ಟ್ ಬಂತು. ಕೆಟ್ಟದ್ದು ಎಂದೂ ಇರಲಿಲ್ಲ, ಒಳ್ಳೆಯದು ಎಂದೂ ಇರಲಿಲ್ಲ. ಅವ್ವನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನಾನೊಬ್ಬಳೇ ಒಳಗೆ ಹೋದೆ.

ಆಪರೇಶನ್ ಮಾಡುವ ಡಾಕ್ಟರಮ್ಮ ಹೇಳಿದರು: "ಅನುಮಾನ ಇದೆ. ಆ ಭಾಗ ತೆಗೆದು ನೋಡಿದ್ರೇನೇ ಗೊತ್ತಾಗೋದು. ದೀಪಾವಳಿ ಆದ್ಮೇಲೆ ಮಾಡಿಬಿಡೋಣ. ಒಂದು ವಿಷಯ, ದನಿಯ ನರ ಪಕ್ಕದಲ್ಲೇ ಹೋಗುತ್ತೆ. ಹುಷಾರಾಗೇ ಮಾಡ್ತೀವಿ. ಆದ್ರೂ ದನಿ ಬದಲಾಗಬಹುದು. ಅಪರೂಪಕ್ಕೆ ಹೋಗಲೂಬಹುದು."

ಹೊರಗೆ ಬಂದು ಅವ್ವನಿಗೆ, "ಚಿಕ್ಕ ಆಪರೇಶನ್ ಆಗಬೋದು, ಆಗದೇನೂ ಇರಬೋದು" ಅಂದೆ. ದನಿಯ ಮಾತು ಹೇಳಲಿಲ್ಲ. ನಮ್ಮ ಹಟ್ಟಿಯವರಿಗೆ ಅವ್ವನ ದನಿ ಅಂದರೆ ಏನೆಂದು ಗೊತ್ತು. ಸಂಜೆ ಬಂಡೆಯ ಮೇಲೆ ನಿಂತು ಒಂದು ಸಲ "ಹುರ್ರ್ರ್... ಓಯ್" ಅಂದರೆ ಎಲ್ಲೆಲ್ಲೋ ಮೇಯುತ್ತಿರುವ ಕುರಿಗಳೆಲ್ಲ ತಲೆ ಎತ್ತಿ ಮುಳ್ಳುಬೇಲಿಯ ರೊಪ್ಪದ ಕಡೆ ಹೊರಡುತ್ತವೆ. ಅಪ್ಪ ಎಷ್ಟು ಕೂಗಿದರೂ ಅವು ಕೇಳುತ್ತಿರಲಿಲ್ಲ. ಅಂಥವಳಿಗೆ ದನಿ ಹೋಗಬಹುದು ಅಂತ ಹೇಗೆ ಹೇಳುವುದು?

ಅಪ್ಪನನ್ನು ಕೇಳಿದೆ. "ಓದಿರೋಳು ನೀನು, ನೀನು ಯೋಳ್ದಂಗೆ" ಅಂದರು. ವಳ್ಳೂರಿಗೆ ಕೊಟ್ಟಿರುವ ಅಕ್ಕನಿಗೆ ಫೋನ್ ಮಾಡಿದೆ. "ನೀನೇ ನೋಡ್ಕಳೆ, ನಂಗೆ ಕೈಕಾಲೇ ಆಡ್ತಿಲ್ಲ" ಅಂದು ಅತ್ತಳು. ಒಬ್ಬ ಡಾಕ್ಟರು ಕಾಯೋಣ ಅಂದಿದ್ದಾರೆ, ಇನ್ನೊಬ್ಬರು ತೆಗೆಯೋಣ ಅಂದಿದ್ದಾರೆ. ಕಾದರೆ ಅದು ಕೆಟ್ಟದ್ದಾಗಿದ್ದರೆ? ತೆಗೆಸಿದರೆ ದನಿ ಹೋದರೆ? ಅಂಗಡಿಯಲ್ಲಿ ಒಬ್ಬರ ಅರ್ಜಿಗೆ ಇನ್ನೊಬ್ಬರ ಫೋಟೋ ಹಾಕಿ ಬೈಸಿಕೊಂಡೆ.

ಆಗ ಕರಿಯಮ್ಮ ತಾಯಿಯಲ್ಲಿ ಹೂ ಕೇಳಲು ಹೋದೆ. ದೂರದ ಊರಿನ ಒಕ್ಕಲುಗಳಿಗೆ ತಿಳಿಯಲೆಂದು ಹೇಳುತ್ತೇನೆ. ಪೂಜಾರಪ್ಪ ಹೂ ಒದ್ದೆ ಮಾಡಿ ತಾಯಿಯ ಎರಡೂ ಭುಜಕ್ಕೆ ಅಂಟಿಸುತ್ತಾರೆ. ನಾವು ಮನಸ್ಸಿನಲ್ಲಿ ಕೇಳಿಕೊಳ್ಳಬೇಕು. ತಾಯಿಯ ಬಲಗಡೆಯದು ಮೊದಲು ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ. "ತಾಯಿ, ನಾನು ಅವ್ವನಿಗೆ ಆಪರೇಶನ್ ಮಾಡಿಸಲಾ?" ಎಂದು ಕೇಳಿದೆ. ಬಲಗಡೆ ಬಿತ್ತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಬಸ್ಸಿನಲ್ಲಿ ಡೈರಿ ತೆಗೆದಾಗ, ಗಾಳಿಗೆ ಬಿದ್ದಿದ್ದರೆ ಅನ್ನಿಸಿತು. ಮುಂದಿನ ಶುಕ್ರವಾರ ಮತ್ತೆ ಕೇಳಿದೆ. ಎಡಗಡೆ ಬಿತ್ತು. ಅದರ ಮುಂದಿನ ಮಂಗಳವಾರ ಬಲಗಡೆ.

"ಏನಮ್ಮ, ಬಸ್ ಪಾಸ್ ಮಾಡಿಸ್ಕಂಡಂಗೆ ಬತ್ತೀಯ?" ಎಂದರು ಪೂಜಾರಪ್ಪ.

ಇನ್ನೊಂದು ಗುಡಿಯಲ್ಲೂ ಕೇಳಿದರೆ ಖಾತ್ರಿಯಾದೀತು ಎಂದು ಭಾನುವಾರ ಪಾವಗಡದ ಬಸ್ಸು ಹತ್ತಿ ಅಕ್ಕನ ಊರಿಗೆ ಹೋದೆ. ರಸ್ತೆಯ ಎರಡೂ ಕಡೆ ಸೋಲಾರ್ ಫಲಕಗಳು, ನೋಡಿದರೆ ಕಣ್ಣು ಕುಕ್ಕುತ್ತದೆ. ಅಲ್ಲಿಯ ಗುಡಿಯಲ್ಲಿ ಎರಡು ಸಲ ಕೇಳಿದೆ. ಎರಡೂ ಸಲ ಬಲಗಡೆ. ಅಕ್ಕನ ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕರು. "ಏಮಮ್ಮಾ, ದೇವುಡಿಗೇ ಪರೀಕ್ಷೆ ಇಕ್ಕಾಕೆ ಬಂದೀಯಾ? ಎಷ್ಟು ಮಾರ್ಕು ಕೊಡ್ತೀಯ?"

ದಸರಾ ರಜೆಯಲ್ಲಿ ತೋವಿನಕೆರೆ ಕಡೆಯ ಒಂದು ಗುಡಿಗೂ ಹೋದೆ. ಅಲ್ಲಿ ಎರಡು ಸಲವೂ ಬೇಡ ಎಂದು ಬಂತು. ನಾನು ದೇವರ ಬಲಗಡೆ ಬಿದ್ದದ್ದನ್ನು ನೋಡಿ ಖುಷಿಪಡುತ್ತಿದ್ದೆ. ಅಲ್ಲಿಯ ಪೂಜಾರಿ ತಲೆ ಆಡಿಸಿ, "ಇಲ್ಲಿ ದೇವ್ರ ಬಲ ಲೆಕ್ಕಕ್ಕಿಲ್ಲ ಕಣಮ್ಮ, ಕೇಳೋರ ಬಲ" ಅಂದರು.

ಬಲ ನಾಲ್ಕು, ಎಡ ಮೂರು ಎಂದು ಡೈರಿಯಲ್ಲಿ ಬರೆದುಕೊಂಡೆ. ವಳ್ಳೂರಿನಲ್ಲಿ ಯಾರ ಬಲ ಎಂದು ನಾನು ಕೇಳಿಯೇ ಇರಲಿಲ್ಲ. ಅಲ್ಲಿಯೂ ಕೇಳುವವರ ಬಲವೇ ಆಗಿದ್ದರೆ ನಾಲ್ಕಕ್ಕೆ ಮೂರು ಇದ್ದದ್ದು ಎರಡಕ್ಕೆ ಐದಾಗುತ್ತದೆ. ಅಕ್ಕನಿಗೆ ಫೋನ್ ಮಾಡಿ ಕೇಳಿದೆ. "ನಂಗೇನ್ ಗೊತ್ತೆ? ನಾವು ಹೂ ಬಿದ್ರೆ ಸಾಕು ಅಂತ ಕೈಮುಗೀತೀವಿ" ಅಂದಳು.

ಇಷ್ಟರಲ್ಲಿ ಮನೆಯಲ್ಲಿ ಇನ್ನೊಂದು ವಿಷಯ ಗಮನಿಸಿದೆ. ಅವ್ವ ಕುರಿ ಕರೆಯುವುದನ್ನು ನಿಲ್ಲಿಸಿದ್ದಳು. ಸಂಜೆ ಬಂಡೆಯ ಮೇಲೆ ಅಪ್ಪ ನಿಂತು ಕೂಗುತ್ತಿದ್ದರು, ಅವ್ವ ಕೆಳಗೆ ಸುಮ್ಮನೆ ಕೂತಿರುತ್ತಿದ್ದಳು. ಗಂಟು ಒಳಗೆ ಒತ್ತುತ್ತಿದೆ, ದನಿ ಈಗಲೇ ಹೋಗುತ್ತಿದೆ ಎಂದುಕೊಂಡೆ. "ಅವ್ವ, ನೋಯ್ತೈತಾ?" ಎಂದು ಕೇಳಿದರೆ, "ಇಲ್ಲ ಕಣಮ್ಮಿ" ಎಂದು ಎದ್ದು ಹೋಗುತ್ತಿದ್ದಳು. ಅಪ್ಪನನ್ನು ಕೇಳಿದರೆ, "ಅವ್ಳನ್ನೇ ಕೇಳು" ಎಂದು ಬೀಡಿ ಹಚ್ಚುತ್ತಿದ್ದರು.

ತುಮಕೂರಿನಲ್ಲಿ ಆಪರೇಶನ್‌ಗೆ ಕೊಟ್ಟಿದ್ದ ದಿನ ಹತ್ತಿರ ಬಂತು. ಬರುತ್ತೇವೆಯೋ ಇಲ್ಲವೋ ಎಂದು ಶನಿವಾರ ಹೇಳಲೇಬೇಕಿತ್ತು. ದೀಪಾವಳಿಗೆ ಮುಂಚಿನ ಶುಕ್ರವಾರ ಬೆಳಿಗ್ಗೆ ಅವ್ವನನ್ನೂ ಕರೆದುಕೊಂಡು ಕರಿಯಮ್ಮನ ಗುಡಿಗೆ ಹೋದೆ. ಇದು ಎಂಟನೆಯ ಸಲ, ಇದೇ ಕೊನೆ ಎಂದುಕೊಂಡಿದ್ದೆ. ಪೂಜಾರಪ್ಪ ಹೂ ಏರಿಸಿದರು. ನಾನು ಕಣ್ಣು ಮುಚ್ಚುವಷ್ಟರಲ್ಲಿ ಅವ್ವ ನನ್ನ ಕೈ ಹಿಡಿದು ಹಿಂದಕ್ಕೆ ಎಳೆದಳು.

"ತಡಿ, ಈ ಸಲ ನಾನು ಕೇಳ್ತೀನಿ."

ಅವ್ವ ಮನಸ್ಸಿನಲ್ಲಿ ಕೇಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಾಯಿಬಿಟ್ಟೇ ಕೇಳಿದಳು. "ತಾಯಿ, ಆಪ್ರೇಶನ್ ಇಚಾರ ನಾನು ಕೇಳಾಕಿಲ್ಲ. ಅದು ನಂಗೆ ಗೊತ್ತೈತೆ. ನನ್ ಮಗ್ಳು ನಾನು ಯೋಳೋದ್ನ ಒಂದ್ಸಲನಾದ್ರೂ ಕೇಳ್ತಾಳಾ, ಅದ್ನ ಯೋಳು."

ಪೂಜಾರಪ್ಪ ಕೆಮ್ಮಿದರು. ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂತು. ಹೂ ಬೀಳಲಿಲ್ಲ. ಬಹಳ ಹೊತ್ತು ನಿಂತೆವು. ಬಲಕ್ಕೆ ನೋಡಿದೆ, ಎಡಕ್ಕೆ ನೋಡಿದೆ. ಎರಡೂ ಅಂಟಿಸಿದಲ್ಲಿಯೇ ಇದ್ದವು. ಹಿಂದಿನ ಏಳು ಸಲವೂ ಇಷ್ಟು ಹೊತ್ತು ತಡೆದಿರಲಿಲ್ಲ. ಪೂಜಾರಪ್ಪ ಬೇಸತ್ತು ದೀಪದ ಕಡೆ ತಿರುಗಿದರು. ಕಾಲು ನೋಯತೊಡಗಿತು. ಕಡೆಗೆ ನನಗೇ ತಡೆಯಲಾಗಲಿಲ್ಲ.

"ಏನವ್ವ ಅದು? ಏನು ಯೋಳ್ಬೇಕಿತ್ತು ನೀನು?"

ಅವ್ವ ಅಲ್ಲೇ ಕಂಬಕ್ಕೆ ಒರಗಿ ಕೂತಳು. ನಾನೂ ಕೂತೆ.

"ದನಿ ಹೋಗ್ಬೋದು ಅಂದ್ರಲ್ಲ ಡಾಕ್ಟ್ರಮ್ಮ. ನೀನು ಬಾಗ್ಲು ಹಾಕಿರ್ಲಿಲ್ಲ ಕಣಮ್ಮಿ."

ಹೊರಗಿನ ಬೆಂಚು ಬಾಗಿಲ ಪಕ್ಕದಲ್ಲೇ ಇತ್ತೆಂದು ಆಗ ನೆನಪಾಯಿತು.

"ಅವತ್ತೇ ಅಂದ್ಕಂಡೆ, ತೆಗೆಸ್ಬುಡನ ಅಂತ. ಒಳಗೆ ಏನೈತೋ ಅಂತ ದಿನಾ ಕುತ್ಗೆ ಮುಟ್ಕಂಡು ಕುಂತ್ಕಳಾಕೆ ನಂಗಾಗಾಕಿಲ್ಲ. ಆದ್ರೆ ಕುರಿ? ಅವು ನಿಮ್ಮಪ್ಪನ ಕೂಗು ಕಲೀಲಿ ಅಂತ ನಾನು ಬಾಯಿ ಮುಚ್ಕಂಡೆ. ಈಗೊಂದು ವಾರದಿಂದ ಬತ್ತಾವೆ."

"ನೋವಿಂದ ಕೂಗ್ತಿಲ್ಲ ಅಂದ್ಕಂಡಿದ್ದೆ ನಾನು."

"ನೋವಾ? ನಿಮ್ಮಪ್ಪ ಕೂಗೋದು ಕೇಳಿ ನಗು ತಡ್ಕಳದೇ ನೋವು." ಅವ್ವ ನಕ್ಕಳು, ಆಮೇಲೆ ಕಣ್ಣು ಒರೆಸಿಕೊಂಡಳು. "ದನಿ ಹೋದ್ರೆ ಹೆಂಗೆ ಅಂತ ಭಯ ಐತೆ ಕಣಮ್ಮಿ. ಭಯ ಇಲ್ಲ ಅನ್ನಾಕಿಲ್ಲ. ನಿನ್ ಜೊತೆ ಅದ್ನ ಯೋಳ್ಕಬೇಕು ಅಂತಿದ್ದೆ."

"ಯಾಕೆ ಯೋಳ್ಲಿಲ್ಲ ಮತ್ತೆ?"

"ಸಿಕ್ರೆ ತಾನೆ? ಪಾವಗಡದಾಗೆ ಒಂದಿನ, ತೋವಿನಕೆರೇಲಿ ಒಂದಿನ. ಮನೇಲಿದ್ರೆ ನೋಯ್ತೈತಾ, ನುಂಗಾಕಾಯ್ತದಾ ಅಂತ ಬರೀ ಡಾಕ್ಟ್ರು ಕೇಳಿದ್ದನ್ನೇ ಕೇಳ್ತೀಯ. ಏನ್ ಮಾಡಾನ ಅಂತ ನನ್ನ ಕೇಳಿದ್ಯಾ ನೀನು?"

ಕೇಳಿರಲಿಲ್ಲ. ಡಾಕ್ಟರರನ್ನು, ಅಪ್ಪನನ್ನು, ಅಕ್ಕನನ್ನು, ಮೂರು ಗುಡಿಯ ದೇವರನ್ನು ಕೇಳಿದ್ದೆ. ಯಾಕೆ ಮಾಡಿದೆ ಎಂಬ ಪ್ರಶ್ನೆಯ ಮುಂದೆ ಪ್ರತಿ ಸಲವೂ ಅವ್ವನಿಗೋಸ್ಕರ ಎಂದು ಬರೆದಿದ್ದೆ. ಅದು ಪೂರಾ ನಿಜವಾಗಿರಲಿಲ್ಲ. ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ತಾಯಿಯೇ ಹೇಳಿದ್ದಳು ಎನ್ನಲು ನನಗೊಂದು ಹೂ ಬೇಕಿತ್ತು.

ನಾವು ಎಷ್ಟು ಹೊತ್ತು ಮಾತಾಡಿದೆವೋ. ದನಿ ಹೋದರೆ ಮನೆಯಲ್ಲಿ ಹೇಗೆ ಕರೆಯುವುದು, ತಟ್ಟೆ ಬಡಿಯುವುದಾ ಎಂದೆಲ್ಲ ಮಾತಾಡಿ ನಕ್ಕೆವು. ಪೂಜಾರಪ್ಪ ಬಂದು ಅವ್ವನ ಮಡಿಲಿಗೆ ಹೂ ಹಾಕಿದಾಗಲೇ ತಲೆ ಎತ್ತಿದ್ದು. ಹೂ ಬಿದ್ದಿತ್ತು. ಯಾವ ಕಡೆಯದು ಎಂದು ನಾವಿಬ್ಬರೂ ನೋಡಿರಲಿಲ್ಲ.

ದೀಪಾವಳಿ ಕಳೆದ ವಾರ ಅವ್ವನನ್ನು ಅಡ್ಮಿಟ್ ಮಾಡಿದೆವು. ಒಳಗೆ ಹೋಗುವ ಮುಂಚೆ ಡಾಕ್ಟರಮ್ಮನಿಗೆ ಅವ್ವನೇ, "ಕುರಿ ಕೂಗಾಕೆ ಒಸಿ ದನಿ ಬುಡ್ರಮ್ಮ" ಅಂದಳು. ಅವರು ನಕ್ಕು ಅವ್ವನ ಕೈ ಒತ್ತಿದರು. ಹೊರಗೆ ಕೂತು ನಾನು ಡೈರಿ ತೆಗೆಯಲಿಲ್ಲ. ತಾಯಿ, ತಾಯಿ ಎಂದಷ್ಟೇ ಅನ್ನುತ್ತಿದ್ದೆ. ಇದು ಮಾಡು, ಅದು ಮಾಡು ಎಂದು ಕೇಳಲು ತೋಚಲಿಲ್ಲ.

ಸಂಜೆ ಅವ್ವ ಕಣ್ಣು ಬಿಟ್ಟಳು. ಕುತ್ತಿಗೆಗೆ ಪಟ್ಟಿ, ಪಕ್ಕದಲ್ಲಿ ಸಣ್ಣ ಕೊಳವೆ. "ಏನಾದ್ರೂ ಮಾತಾಡಿ ನೋಡಮ್ಮ" ಎಂದರು ನರ್ಸ್. ತುಟಿ ಆಡಿತು, ಬರೀ ಗಾಳಿ ಬಂತು. ನಾನು ಬಗ್ಗಿ ಕಿವಿ ಇಟ್ಟೆ. "ಕುರಿ?" ಎಂದು ಕೇಳುತ್ತಿದ್ದಳು. ಅಪ್ಪನಿಗೆ ಫೋನ್ ಹಚ್ಚಿ ಅವ್ವನ ಕಿವಿಗೆ ಹಿಡಿದೆ. ಅಪ್ಪ ರೊಪ್ಪದಲ್ಲೇ ಇದ್ದರು. "ಎಲ್ಲಾ ಬಂದವೆ ಕಣೆ, ಕೇಳುಸ್ಕ" ಎಂದು ಫೋನನ್ನು ಕುರಿಗಳ ಮಧ್ಯೆ ಹಿಡಿದರು. ಅವ್ವ ಸದ್ದಿಲ್ಲದೆ ನಕ್ಕಳು.

ಹತ್ತು ಹನ್ನೆರಡು ದಿನಕ್ಕೆ ರಿಪೋರ್ಟ್ ಬಂತು. ಗಂಟಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಕೂತು ಅತ್ತೆ. ಅಳು ಮುಗಿಯುವ ಮುಂಚೆಯೇ ಹಳೆಯ ತಲೆ ಶುರುಮಾಡಿತು: ಹಾಗಾದರೆ ಕಾಯಬಹುದಿತ್ತಲ್ಲ? ಮಧುಗಿರಿಯ ಡಾಕ್ಟರು ಹೇಳಿದ್ದೇ ಸರಿಯಾ? ಎಡಗಡೆ ಬಿದ್ದ ಹೂಗಳೇ ನಿಜವಾ? ಅವ್ವನಿಗೆ ಹೇಳಿದೆ. ಅವಳು ಪಿಸುದನಿಯಲ್ಲಿ, "ತೆಗೆದಿದ್ಕೇ ಗೊತ್ತಾಯ್ತು. ಬುಡು ಅತ್ಲಾಗೆ, ಬಸ್ ಬಂತು" ಅಂದಳು.

ಇವತ್ತಿಗೂ ನನಗೆ ಅದೆಲ್ಲ ಪೂರಾ ಬಿಡಿಸಿಕೊಳ್ಳಲು ಆಗಿಲ್ಲ. ಆ ಶುಕ್ರವಾರ ಹೂ ಅಷ್ಟು ಹೊತ್ತು ನಿಂತದ್ದು ಒದ್ದೆ ಹೆಚ್ಚಾಗಿದ್ದಕ್ಕೆ ಎಂದು ಯಾರಾದರೂ ಹೇಳಿದರೆ ನನ್ನ ಹತ್ತಿರ ವಾದವಿಲ್ಲ. ನಾನು ಬಾಯಿಬಿಟ್ಟು ಕೇಳುವವರೆಗೆ ತಾಯಿ ಹೂ ಹಿಡಿದುಕೊಂಡಿದ್ದಳು ಎಂದೇ ನಂಬಿದ್ದೇನೆ. ಮೊನ್ನೆ ಶಿವರಾತ್ರಿಯಂದು ಪೂಜಾರಪ್ಪನನ್ನು, "ಅವತ್ತು ಯಾವ ಕಡೆ ಬಿದ್ದಿತ್ತು?" ಎಂದು ಕೇಳಿಯೂ ಬಿಟ್ಟೆ.

"ನಾನೆಲ್ಲಿ ನೋಡ್ದೆ? ಎಣ್ಣೆ ಬುಡ್ತಿದ್ದೆ. ಕೆಳಗೆ ಬಿದ್ದಿತ್ತು, ತಂದು ಹಾಕ್ದೆ" ಅಂದರು.

ಅವ್ವನ ದನಿ ನಿಧಾನವಾಗಿ ಬಂತು. ಮೊದಲಿನಷ್ಟು ತಿಳಿಯಾಗಿಲ್ಲ, ಸ್ವಲ್ಪ ಒಡೆದಿದೆ. ಸಂಕ್ರಾಂತಿಯ ಸಂಜೆ ಅಪ್ಪ ಬಂಡೆಯ ಮೇಲೆ ನಿಂತು ಕೂಗಿದರು. ಕುರಿಗಳು ಹೊರಟವು. ಆಗ ರೊಪ್ಪದ ಬಾಗಿಲಿನಿಂದ ಅವ್ವ, ಯಾರಿಗೂ ಹೇಳದೆ, "ಹುರ್ರ್ರ್... ಓಯ್" ಅಂದಳು. ಇಡೀ ಹಿಂಡು ನಿಂತುಬಿಟ್ಟಿತು. ಬಂಡೆಯ ಕಡೆ ನೋಡಿದವು, ಬಾಗಿಲಿನ ಕಡೆ ನೋಡಿದವು. ಅರ್ಧ ಅತ್ತ ಹೊರಟವು, ಅರ್ಧ ಇತ್ತ.

"ನೋಡ್ದಾ? ಇವಕ್ಕೂ ನಿನ್ ಮಗಳಂಗೆ ಎರಡು ಮನ್ಸು!" ಎಂದು ಅಪ್ಪ ಬಂಡೆಯ ಮೇಲಿಂದಲೇ ಕೂಗಿದರು. ಅವ್ವ ನಕ್ಕು ಕೆಮ್ಮಿ, ಇನ್ನೊಂದು ಸಲ ಕರೆದಳು. ಎಲ್ಲ ಬಂದವು.

ತಾಯಿ, ನಿನ್ನ ಕೃಪೆ. ಅವ್ವನನ್ನು ಉಳಿಸಿದೆ, ದನಿ ಉಳಿಸಿದೆ. ನನ್ನನ್ನು ಅವಳ ಪಕ್ಕದಲ್ಲಿ ಕೂರಿಸಿದೆ. ಈಗ ನನ್ನ ಡೈರಿಯಲ್ಲಿ ನಾಲ್ಕನೆಯ ಪ್ರಶ್ನೆಯೊಂದು ಸೇರಿದೆ: ಇವತ್ತು ಯಾರನ್ನು ಕೇಳಿದೆ? ಕೆಲವು ದಿನ ಅದು ಖಾಲಿಯೇ ಉಳಿಯುತ್ತದೆ. ಹೂವಿನ ಹಳೆಯ ಲೆಕ್ಕವನ್ನು ಹೊಡೆದುಹಾಕಿಲ್ಲ, ಹಾಗೇ ಇದೆ. ಎಂಟನೆಯದರ ಮುಂದೆ ಬಲ ಎಂದೂ ಬರೆದಿಲ್ಲ, ಎಡ ಎಂದೂ ಬರೆದಿಲ್ಲ. ಅವ್ವ ಹೇಳಿದಳು ಎಂದು ಬರೆದಿದ್ದೇನೆ.