ಏಳಬಾರದ ಕುರ್ಚಿ

ನಮ್ಮ ಆಸ್ಪತ್ರೆಯ ಆಡಳಿತಾಧಿಕಾರಿಯ ಕುರ್ಚಿಯಲ್ಲಿ ಕುಳಿತ ಮೊದಲ ನರ್ಸ್ ನಾನು. ಅಲ್ಲಿಯವರೆಗೆ ಅದರಲ್ಲಿ ಡಾಕ್ಟರುಗಳೇ ಕೂರುತ್ತಿದ್ದರು. ಆದೇಶ ಬಂದ ದಿನ ಸಿಸ್ಟರುಗಳು ಮೆಹದಿಪಟ್ಟಣಂನಿಂದ ಹಾರ ತರಿಸಿ, ನನ್ನ ಮುಖ ಕಾಣದಷ್ಟು ಹಾಕಿ, ಪೇಡೆ ಹಂಚಿದರು. ನನಗೋ ಒಳಗೊಳಗೇ ಪುಕಪುಕ. ಅರ್ಧ ಆಯುಷ್ಯವನ್ನು ಹೆರಿಗೆ ವಾರ್ಡಿನಲ್ಲಿ ಕಳೆದವಳಿಗೆ ಫೈಲುಗಳ ಸಹವಾಸ ಆಗಿಬರುವುದಿಲ್ಲ.

ಡಾಕ್ಟರು ಬಂದರೆ ಎದ್ದು ನಿಲ್ಲಬೇಕು ಎಂದು ನಮಗೆ ನರ್ಸಿಂಗ್ ಕಲಿಯುವಾಗಲೇ ರೂಢಿ ಮಾಡಿಸಿರುತ್ತಾರೆ. ಆಮೇಲೆ ಕಾಲು ತಾನಾಗಿಯೇ ಏಳುತ್ತದೆ, ತಲೆಯನ್ನು ಕೇಳುವುದಿಲ್ಲ. ಆ ಕೋಣೆಗೆ ಯಾವ ಡಾಕ್ಟರು ಬಂದರೂ, ನಾನೇ ಸಹಿ ಹಾಕಿ ರಜೆ ಕೊಡಬೇಕಾದ ಹುಡುಗ ಡಾಕ್ಟರು ಬಂದರೂ, ಎದ್ದು ನಿಂತುಬಿಡುತ್ತಿದ್ದೆ. ಅವರು ಕುಳಿತು ಕೇಳುತ್ತಿದ್ದರು, ನಾನು ನಿಂತು ಉತ್ತರಿಸುತ್ತಿದ್ದೆ. ನೋಡಿದವರಿಗೆ ಯಾರು ಯಾರ ಕೋಣೆಗೆ ಬಂದಿದ್ದಾರೆ ಎಂಬುದೇ ತಿಳಿಯುವಂತಿರಲಿಲ್ಲ.

ಒಂದು ದಿನ ಇದನ್ನು ಹೆರಿಗೆ ವಾರ್ಡಿನ ಸಿಸ್ಟರ್ ಒಬ್ಬಳು ಕಂಡಳು. ರಾಯಚೂರಿನ ಕಡೆಯವಳು, ನಾನೇ ಕೆಲಸ ಕಲಿಸಿದವಳು. ಆ ತೆಲುಗು ಊರಿನ ವಾರ್ಡಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ ಇದ್ದೆವು. ಡಾಕ್ಟರು ಹೋದ ಮೇಲೆ ಅವಳು ಬಾಗಿಲು ಹಾಕಿ ನನ್ನೆದುರು ಬಂದು ನಿಂತಳು.

“ಇನ್ಮ್ಯಾಲೆ ಏಳಬ್ಯಾಡ್ರಿ ಅಕ್ಕಾರ. ನೀವು ಎದ್ರ ನಾವೆಲ್ಲಾರೂ ಎದ್ದಂಗ.”

ಮಾತು ಸರಿಯಾಗಿಯೇ ಇತ್ತು, ಅದೇ ನನ್ನ ಸಂಕಟ. ಅಂದಿನಿಂದ ಡಾಕ್ಟರು ಬಂದರೆ ಮೇಜಿನ ಕೆಳಗೆ ಒಂದು ಪಾದವನ್ನು ಇನ್ನೊಂದು ಪಾದದಿಂದ ಮೆಟ್ಟಿ ಹಿಡಿದು ಕೂರುತ್ತಿದ್ದೆ. ಏಸಿಯಲ್ಲೂ ಬೆನ್ನು ಬೆವರುತ್ತಿತ್ತು. ಹಾಗೆ ಕೂತದ್ದಕ್ಕೆ ನರ್ಸುಗಳಿಗೆ ಚಿಲಕವಿರುವ ವಿಶ್ರಾಂತಿ ಕೋಣೆ ಸಿಕ್ಕಿತು, ಪಾಳಿ ಮುಗಿಸಿ ಮನೆ ಸೇರಲು ಗಾಡಿ ಬಂತು. ಸುಳ್ಳೇಕೆ ಹೇಳಲಿ, ಅದು ನನಗೆ ಹೆಮ್ಮೆಯೇ. ಆದರೆ ಹಸಿಗೂಸನ್ನು ಮುಟ್ಟದೆ ತಿಂಗಳುಗಳೇ ಕಳೆದಿದ್ದವು.

ಒಂದು ಬೆಳಿಗ್ಗೆ ವಾರ್ಡಿನಿಂದ ಫೋನು ಬಂತು. ಶಂಶಾಬಾದಿನಲ್ಲಿ ಕಟ್ಟಡದ ಕೆಲಸಕ್ಕೆ ಬಂದಿದ್ದ ಯಾದಗಿರಿಯ ಹೆಣ್ಣುಮಗಳು, ಚೊಚ್ಚಲ ಹೆರಿಗೆ, ಹೆದರಿ ಯಾರನ್ನೂ ಹತ್ತಿರ ಬಿಡುತ್ತಿಲ್ಲ ಎಂದರು. ರಾಯಚೂರಿನ ಸಿಸ್ಟರ್ ಅಂದು ರಜೆಯಲ್ಲಿದ್ದಳು. ನಾನು ಫೈಲು ಮುಚ್ಚಿ ಓಡಿದೆ. ಆ ಹೆಣ್ಣುಮಗಳ ಸೊಂಟ ನೀವುತ್ತ, ಯಾವ ಊರು, ತವರಿನಲ್ಲಿ ಯಾರಿದ್ದಾರೆ ಎಂದು ಕನ್ನಡದಲ್ಲಿ ಕೇಳುತ್ತ ಹೋದಂತೆ ಬಿಗಿ ಹಿಡಿದ ಮೈ ಸಡಿಲಾಯಿತು.

“ನನ್ನ ಬಿಟ್ಟು ಹೋಗಬ್ಯಾಡ್ರಿ ಯವ್ವಾ,” ಎಂದಳು.

ಹೋಗುವುದಿಲ್ಲ ಎಂದೆ. ಅಷ್ಟರಲ್ಲೇ ತಪಾಸಣೆಗೆ ಸರ್ಕಾರದವರು ಬಂದಿದ್ದಾರೆಂದು ಮೇಲಿನ ಮಹಡಿಯಿಂದ ಕರೆ ಬಂತು, ಹೋದೆ. ಅವರನ್ನು ಸಾಗಹಾಕಿ ಬರುವಷ್ಟರಲ್ಲಿ ಕೂಸು ಹುಟ್ಟಿ, ಒರೆಸಿ ಬಟ್ಟೆ ಸುತ್ತಿಯೂ ಆಗಿತ್ತು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದರು. ಅವಳು ನನ್ನನ್ನು ನೋಡಿ ಗೋಡೆಯ ಕಡೆ ಹೊರಳಿದಳು. ನನಗೆ ಅಳು ತಡೆಯಲಾಗಲಿಲ್ಲ.

ಆ ವಾರವೇ ನನ್ನನ್ನು ವಾರ್ಡಿಗೆ ಮರಳಿ ಹಾಕಿ ಎಂದು ಕೇಳಿಕೊಂಡೆ. ಮೇಲಿನವರಿಗೆ ಎಷ್ಟು ಖುಷಿಯಾಯಿತೆಂದರೆ ಚಹಾ ತರಿಸಿದರು. ಕುರ್ಚಿ ಡಾಕ್ಟರಿಗೇ ಸರಿ, ನರ್ಸುಗಳಿಗೆ ಇದೆಲ್ಲ ಒಗ್ಗುವುದಿಲ್ಲ, ನೀವೇ ಒಪ್ಪಿಕೊಂಡಿರಲ್ಲ ಎಂದರು. ಆ ಚಹಾವನ್ನು ಹಾಗೆಯೇ ಮೇಜಿನ ಮೇಲಿಟ್ಟೆ. ಬೇರೆ ನರ್ಸ್ ಬಂದು ಕೂರುವವರೆಗೆ ಏಳುವುದಿಲ್ಲ ಎಂದು ಹೇಳಿ ಬಂದೆ.

ಆದರೆ ಆ ಹುದ್ದೆಗೆ ಬೇಕಾದ ಓದು, ಅನುಭವ ಎರಡೂ ಇದ್ದವಳು ರಾಯಚೂರಿನ ಸಿಸ್ಟರ್ ಒಬ್ಬಳೇ. ಸುದ್ದಿ ತಿಳಿದು ಅಳುತ್ತ ಬಂದಳು.

“ಹೆರಿಗಿ ವಾರ್ಡ್ ಬಿಟ್ಟು ನನಗ ಇರಾಕ ಆಗಂಗಿಲ್ರಿ ಅಕ್ಕಾರ. ಬ್ಯಾರೆ ಯಾರನ್ನರ ನೋಡ್ರಿ.”

“ಬ್ಯಾರೆ ಯಾರ ಅದಾರ, ನೀನ ಹೇಳು,” ಎಂದೆ.

ಅವಳ ಹೆಸರನ್ನೇ ಶಿಫಾರಸು ಮಾಡಿದೆ. ಮೇಲಿನವರು ಗೊಣಗುತ್ತ ಒಪ್ಪಿದರು, ಮತ್ತೆ ಹಾರ ಬಂತು, ಪೇಡೆ ಬಂತು.

ಈಗ ನಾನು ಹೆರಿಗೆ ವಾರ್ಡಿನಲ್ಲಿದ್ದೇನೆ. ದಿನವೂ ಕೂಸುಗಳು ಕೈಗೆ ಬರುತ್ತವೆ. ಕೆಲವು ಮಧ್ಯಾಹ್ನ ಅವಳು ಕೆಳಗಿಳಿದು ಬಂದು ವಾರ್ಡಿನ ಬಾಗಿಲಲ್ಲಿ ನಿಲ್ಲುತ್ತಾಳೆ, ಒಳಗೆ ಬರುವುದಿಲ್ಲ. ನರಳುವವರ ದನಿ ಕೇಳುತ್ತ, ಸೀರೆಯ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾಳೆ. ಬಾ ಎಂಬ ಮಾತು ನನ್ನ ಬಾಯಿಗೆ ಬರುತ್ತದೆ. ಕರೆದರೆ ಒಳಗೆ ಬಂದುಬಿಡುತ್ತಾಳೆ, ಬಂದರೆ ಮರಳಿ ಮೇಲೆ ಹೋಗುವುದಿಲ್ಲ, ಆಗ ನಾನೇ ಹೋಗಬೇಕಾಗುತ್ತದೆ. ಅದಕ್ಕೇ ಅವಳನ್ನು ಕಾಣದವಳ ಹಾಗೆ ಬೆನ್ನು ತಿರುಗಿಸಿ ಕೆಲಸ ಮಾಡುತ್ತೇನೆ.