ಹನಿಯೊಳಗೆ ತಲೆಕೆಳಗಾದ ಮನೆ

ಮಿತ್ರರೇ, ನಿನ್ನೆ ತೀರಿಹೋದ ಮಗಳ ವರ್ಷಾಂತಿಕಕ್ಕೆ ಬಂದ ನಿಮಗೆಲ್ಲ ಕೃತಜ್ಞತೆಗಳು. ಅನುಕಂಪವನ್ನು ಮಾತ್ರ ಸ್ವೀಕರಿಸಲಾರೆ. "ಕಣ್ಣೆದುರಿದ್ದರೆ ನೋವು, ಅವಳ ಕ್ಯಾಮೆರಾ ಯಾರಿಗಾದರೂ ಕೊಟ್ಟುಬಿಡಿ" ಎಂದಿರಿ, ನಾನೂ ಒಪ್ಪಿದ್ದೆ.

ಕೊಡುವ ಮುನ್ನ ಒಮ್ಮೆ ಬಳಸೋಣವೆಂದು, ಇಂದು ಬೆಳಿಗ್ಗೆ ಮಟ್ಟು ಊರಿನ ಗುಳ್ಳ ಬದನೆಯ ಗದ್ದೆಯಲ್ಲಿ ಮಂಡಿಯೂರಿ, ಅವಳಂತೆಯೇ ಉಸಿರು ಬಿಗಿಹಿಡಿದು, ಎಲೆಯೊಂದರ ಇಬ್ಬನಿಯನ್ನು ತೀರ ಹತ್ತಿರದಿಂದ ಕ್ಲಿಕ್ಕಿಸಿದೆ. ಗದ್ದೆಯ ಒಡತಿ ಗಿರಿಜಕ್ಕ ಗಾಬರಿಯಿಂದ ಓಡಿಬಂದರು.

"ಎಂತ ಸರ್, ಗುಳ್ಳಕ್ಕೆ ಹುಳ ಬಿದ್ದಿದೆಯಾ? ಕೃಷಿ ಇಲಾಖೆಯವರಾ ನೀವು?"

"ಅಲ್ಲ. ಹನಿಯೊಳಗಿನ ಬಿಂಬ ನೋಡಿ" ಎಂದು ಕ್ಯಾಮೆರಾದ ಪರದೆ ತೋರಿಸಿದೆ.

"ಅಯ್ಯೋ, ನಮ್ಮ ಮನೆ ತಲೆಕೆಳಗೆ ಉಂಟಲ್ಲ ಮಾರಾಯ್ರೆ!"

"ಹನಿಯಲ್ಲಿ ಹಾಗೆಯೇ ಕಾಣುವುದು" ಎಂದು ವಾದ ಮಂಡಿಸುವಷ್ಟರಲ್ಲಿ ಅವರು ಕ್ಯಾಮೆರಾವನ್ನೇ ತಿರುಗಿಸಿ ಹಿಡಿದರು.

"ಈಗ ಸರಿಯಾಯ್ತಲ್ವಾ? ನಾಳೆ ಬನ್ನಿ, ಹನಿಯಲ್ಲಿ ಕಾಣುವ ಹಾಗೆ ನಾನು ಬಾಗಿಲಲ್ಲಿ ನಿಲ್ತೇನೆ."

ಕಾಲೇಜಿನಲ್ಲಿ ಚರ್ಚಾಪಟುವಾಗಿದ್ದ ನಾನು ಎಷ್ಟು ಹೊತ್ತಿಗೆ ಬರಲೆಂದಷ್ಟೇ ಕೇಳಿದೆ.

ಕ್ಯಾಮೆರಾ ಯಾರಿಗೂ ಕೊಡುವುದಿಲ್ಲ. ಇದು ನಾನೊಬ್ಬನೇ ಕೈಗೊಂಡ ತೀರ್ಮಾನ. ಚರ್ಚೆಗೆ ಅವಕಾಶವಿಲ್ಲ, ನಾಳೆ ನನಗೆ ಗದ್ದೆಯಲ್ಲಿ ಕೆಲಸ ಉಂಟು.