ಕಡೆಯ ಮೇಜಿನ ಕೆನ್ನೆಯಕ್ಕ

ಬೆಳಗಿನ ಐದೂವರೆ. ಕಾರ್ಖಾನೆಯ ಯಂತ್ರಗಳು ಇನ್ನೂ ಶುರುವಾಗಿಲ್ಲ. ಕಡೆಯ ಕೋಣೆಯಲ್ಲಿ ಕಿಟಕಿ ಮುಚ್ಚಿದೆ, ಫ್ಯಾನ್ ನಿಂತಿದೆ. ಮೇಜಿನ ಮುಂದೆ ಕೂತ ಐವತ್ತಮೂರರ ಹೆಂಗಸು ದಪ್ಪ ರಬ್ಬರ್ ಕೈಗವಸಿಗೆ ಕೊಳವೆಯಿಂದ ಗಾಳಿ ತುಂಬುತ್ತಾರೆ, ಅದರ ಬಾಯನ್ನು ತಿರುಚಿ ಹಿಡಿಯುತ್ತಾರೆ, ಉಬ್ಬಿದ ಬೆರಳುಗಳನ್ನು ಒಂದೊಂದಾಗಿ ಎಡಗೆನ್ನೆಯ ಹತ್ತಿರ ತಂದು ಮನಸ್ಸಿನಲ್ಲೇ ಐದು ಎಣಿಸುತ್ತಾರೆ. ಸೂಜಿಮೊನೆಯಷ್ಟು ತೂತಿದ್ದರೂ ಗಾಳಿ ಕೆನ್ನೆಗೆ ತಾಗಬೇಕು. ಕಂಬ ಹತ್ತಿ ವಿದ್ಯುತ್ ತಂತಿ ಮುಟ್ಟುವವರ ಕೈಗವಸುಗಳಿವು. ಈ ಮೇಜು ದಾಟಿದರೆ ಮುಂದೆ ಪೆಟ್ಟಿಗೆಯೇ.

ಕಾರ್ಖಾನೆಗೆಲ್ಲ ಇವರು ಕೆನ್ನೆಯಕ್ಕ. ಇಪ್ಪತ್ತೆರಡು ವರ್ಷದಿಂದ ಎಡಗೆನ್ನೆಗೆ ಪೌಡರ್ ಸೋಕಿಸಿಲ್ಲ. ಮಗಳ ಮದುವೆಯಲ್ಲೂ ಬಲಗೆನ್ನೆಗಷ್ಟೇ ಹಚ್ಚಿಕೊಂಡಿದ್ದರು ಎಂದು ಪ್ಯಾಕಿಂಗಿನವರು ನಗಾಡುತ್ತಾರೆ, ಅದು ಸುಳ್ಳೂ ಅಲ್ಲ.

ಇವತ್ತು ಮಾತ್ರ ಕೈ ಓಡುತ್ತಿಲ್ಲ. ಒಂದೇ ಬೆರಳಿಗೆ ಐದು ಎಣಿಸುತ್ತಾರೆ, ಮತ್ತೆ ಐದು, ಇನ್ನೊಂದು ಐದು. ಕೊನೆಗೆ ಕೈಗವಸನ್ನು ತಿರಸ್ಕರಿಸಿದವುಗಳ ಬುಟ್ಟಿಗೆ ಹಾಕುತ್ತಾರೆ. ಸೋರುತ್ತಿದೆಯಾ ಎಂದು ಕೇಳಿದರೆ, "ಗೊತ್ತಿಲ್ಲ" ಎನ್ನುತ್ತಾರೆ. "ಸೋರ್ತಿಲ್ಲ ಅಂತ ಹೇಳೋಕೂ ಧೈರ್ಯ ಬರ್ತಿಲ್ಲ."

ಬಡಗಿ ಗಂಡ ಕಟ್ಟಡದ ಸಾರುವೆಯಿಂದ ಬಿದ್ದು ಎಂಟು ತಿಂಗಳು ಹಾಸಿಗೆ ಹಿಡಿದಾಗ ಇವರು ಇಲ್ಲಿಗೆ ಬಂದದ್ದು. "ಅವ್ರು ಎದ್ದು ಓಡಾಡೋವರೆಗೆ ಅಂತ ಬಂದೆ. ಅವ್ರು ಎದ್ರು, ನಾನು ಕೂತೇಬಿಟ್ಟೆ" ಎಂದು ನಗುತ್ತಾರೆ. ದಿನಕ್ಕೆ ನಾನೂರು ಕೈಗವಸು ನೋಡಿದರೆ ಬುಟ್ಟಿಗೆ ಬೀಳುತ್ತಿದ್ದದ್ದು ನಾಲ್ಕೋ ಐದೋ. ಮೂರು ವಾರದಿಂದ ಅದು ಅರವತ್ತು ದಾಟುತ್ತಿದೆ. ಅರವತ್ತನ್ನೂ ನೀರಿನಲ್ಲಿ ಮುಳುಗಿಸಿ ನೋಡಿದರೆ ಗುಳ್ಳೆ ಬರುವುದು ಅದೇ ನಾಲ್ಕೈದರಲ್ಲಿ.

ಆದದ್ದು ಇಷ್ಟು. ತಂದೆಯ ನಂತರ ಕಾರ್ಖಾನೆ ವಹಿಸಿಕೊಂಡ ಚಿಕ್ಕ ಯಜಮಾನರು ಮೂರು ದಿನದ ತರಬೇತಿಗೆ ಹೋಗಿಬಂದರು. ಕೆಲಸಗಾರರಿಗೆ ಸಂಬಳವೊಂದೇ ಸಾಲದು, ಯಾರಿಗಾಗಿ ದುಡಿಯುತ್ತಿದ್ದೇವೆ ಎನ್ನುವುದೂ ಮನಸ್ಸಿಗೆ ನಾಟಬೇಕು ಎಂದು ಅಲ್ಲಿ ಹೇಳಿಕೊಟ್ಟರಂತೆ. ಮಾತು ಸರಿಯೇ. ಬಂದವರೇ ಗೋಡೆಯ ಮೇಲೆ ‘ನಾವು ಮಾಡುವುದು ಕೈಗವಸಲ್ಲ, ಜೀವರಕ್ಷಣೆ’ ಎಂದು ಬರೆಸಿದರು. ಪ್ಯಾಕಿಂಗಿನ ಹಿರಿಯರೊಬ್ಬರು ತಲೆ ಕೆರೆದುಕೊಂಡು, "ಹಾಗಾದ್ರೆ ಪೆಟ್ಟಿಗೆ ಮೇಲೆ ಏನಂತ ಬರೀಲಿ ಸಾರ್? ಒಂದು ಜೊತೆಗೆ ಒಂದು ಜೀವಾನಾ, ಎರಡಾ?" ಎಂದು ಕೇಳಿದರು.

ಆಮೇಲೆ ಒಬ್ಬ ಲೈನ್‌ಮನ್‌ನನ್ನು ಕರೆಸಿದರು. ಕರೆಂಟಿಲ್ಲದ ತಂತಿ ಅಂದುಕೊಂಡು ಕರೆಂಟಿದ್ದ ತಂತಿ ಹಿಡಿದವನು, ಇಲ್ಲಿಯ ಕೈಗವಸಿನಿಂದ ಬದುಕಿದವನು. ಎಲ್ಲರೆದುರು ಕೆನ್ನೆಯಕ್ಕನ ಎರಡೂ ಕೈ ಹಿಡಿದುಕೊಂಡು ಅತ್ತುಬಿಟ್ಟ. ಅವತ್ತಿನಿಂದ ಅಚ್ಚಿನ ವಿಭಾಗದವರು ತಡವಾಗಿ ಬರುವುದನ್ನು ಬಿಟ್ಟರು, ಅಚ್ಚುಗಳನ್ನು ಧೊಪ್ಪೆಂದು ಎಸೆಯುವುದೂ ನಿಂತಿತು. ಕೆಟ್ಟದ್ದು ಕೆನ್ನೆಯಕ್ಕನ ಕೆಲಸ ಒಂದೇ.

"ಮುಂಚೆ ಗ್ಲೌಸ್ ನೋಡ್ತಿದ್ದೆ. ಈಗ ಒಳಗೆ ಆ ಹುಡುಗನ ಕೈ ಕಾಣ್ಸುತ್ತೆ. ಬರೀ ಉಸಿರಾಡಿದ್ರೂ ಗಾಳಿ ಬಂತೇನೋ ಅನ್ಸುತ್ತೆ."

ಗಂಡನಿಗೆ ಇದು ಒಗಟು. "ಇಪ್ಪತ್ತೆರಡು ವರ್ಷ ಗೊತ್ತಿಲ್ದೆ ಸರಿಯಾಗಿ ಮಾಡ್ದೆ, ಗೊತ್ತಾದ್ಮೇಲೆ ಕೆಡಿಸ್ಕೋತಿದೀಯ" ಎಂದರಂತೆ. "ಗೊತ್ತಿರ್ಲಿಲ್ಲ ಅಂತ ಯಾರು ಹೇಳಿದ್ದು? ಗೊತ್ತಿತ್ತು. ಇಷ್ಟು ಹತ್ತಿರದಿಂದ ಗೊತ್ತಿರ್ಲಿಲ್ಲ" ಎಂದು ಕೆನ್ನೆಯಕ್ಕ ಅವರ ಬಾಯಿ ಮುಚ್ಚಿಸಿದ್ದಾರೆ. ಆದರೆ ತನ್ನ ಕೆನ್ನೆಯನ್ನೇ ನಂಬಲಾರದವಳು ಈ ಮೇಜಿಗೆ ಯಾಕೆ, ಪ್ಯಾಕಿಂಗಿಗೆ ಹಾಕಿಬಿಡಿ ಎಂದು ತಾವೇ ಕೇಳಿಕೊಂಡಿದ್ದಾರೆ. ಶನಿವಾರದವರೆಗೆ ತಾಳಿ ಎಂದಿದ್ದರು ಚಿಕ್ಕ ಯಜಮಾನರು. ಇವತ್ತು ಶನಿವಾರ. ಅವರಿಗೂ ದಿಕ್ಕು ತೋಚಿಲ್ಲ. "ಉದ್ದೇಶ ಕಮ್ಮಿಯಾದ್ರೆ ಏನ್ ಮಾಡ್ಬೇಕು ಅಂತ ಹೇಳ್ಕೊಟ್ರು. ಜಾಸ್ತಿಯಾದ್ರೆ ಏನು ಅಂತ ಹೇಳ್ಲೇ ಇಲ್ಲ" ಎನ್ನುತ್ತಾರೆ ಪಾಪ.

ಬೇರೆ ಮದ್ದು ಗೊತ್ತಿಲ್ಲದೆ ಲೈನ್‌ಮನ್‌ನನ್ನೇ ಮತ್ತೆ ಕರೆಸಿದ್ದಾರೆ. ಎಂಟು ಗಂಟೆಗೆ ಬಂದು ನಿಂತವನಿಗೆ ಯಾಕೆ ಬಂದೆನೆಂದು ಸರಿಯಾಗಿ ತಿಳಿದಿಲ್ಲ. ಇನ್ನೊಮ್ಮೆ ಅಳಬೇಕೇ ಎಂಬಂತೆ ಯಜಮಾನರ ಮುಖ ನೋಡುತ್ತಾನೆ. ಕೆನ್ನೆಯಕ್ಕನೇ ಮಾತು ತೆಗೆಯುತ್ತಾರೆ. "ತಮ್ಮಾ, ಕಂಬ ಹತ್ತೋಕ್ ಮುಂಚೆ ಏನ್ ಮಾಡ್ತೀಯ? ನಾವು ಕೊಟ್ಟಿದ್ದನ್ನ ಹಾಗೇ ಹಾಕ್ಕೊಂಡ್ಬಿಡ್ತೀಯಾ?"

"ಇಲ್ಲಕ್ಕಾ, ದಿನಾ ನೋಡ್ಲೇಬೇಕು" ಎಂದು ಅವನು ಮೇಜಿನಿಂದ ಒಂದನ್ನು ಎತ್ತಿಕೊಳ್ಳುತ್ತಾನೆ. ಕೈಗವಸಿನ ಬಾಯಿಯಿಂದ ಬೆರಳಿನತ್ತ ಬಿಗಿಯಾಗಿ ಸುರುಳಿ ಸುತ್ತಿ, ಒಳಗೆ ಸಿಕ್ಕಿಕೊಂಡ ಗಾಳಿಯನ್ನು ಹಿಸುಕಿ ಕಿವಿಗೆ ಹಿಡಿಯುತ್ತಾನೆ.

ಕೆನ್ನೆಯಕ್ಕನ ಮುಖ ಸಣ್ಣದಾಗುತ್ತದೆ. "ಹಾಗಾದ್ರೆ ನನ್ಮೇಲೆ ನಂಬಿಕೆ ಇಲ್ಲ."

"ನಂಬಿಕೆ ಮಾತಲ್ಲಕ್ಕಾ. ನಿಮ್ಮ ಕೈ ಬಿಟ್ಮೇಲೆ ಪೆಟ್ಟಿಗೆ ಮೊಳೆ ಚುಚ್ಚಿರ್ಬಹುದು, ನನ್ ಚೀಲದಲ್ಲಿರೋ ಇಕ್ಕಳ ಚುಚ್ಚಿರ್ಬಹುದು. ಅದನ್ನ ನೀವು ಇಲ್ಲಿ ಕೂತು ಹೇಗೆ ನೋಡ್ತೀರಿ? ಅದು ನಾನು ನೋಡ್ಬೇಕಾದ್ದು."

ಕೆನ್ನೆಯಕ್ಕ ಅವನ ಕೈಯಿಂದ ಆ ಕೈಗವಸನ್ನು ತೆಗೆದುಕೊಳ್ಳುತ್ತಾರೆ. ಆಮೇಲೆ ಯಾರಿಗೋ ಎಂಬಂತೆ, "ಇವನ ಜೀವ ಪೂರ್ತಿ ನನ್ ಮೇಜಿನ ಮೇಲೇ ಇದೆ ಅಂದ್ಕೊಂಡಿದ್ದೆ. ಅರ್ಧ ಅವನ ಹತ್ರಾನೇ ಇದೆ" ಎನ್ನುತ್ತಾರೆ. ಮೂರು ವಾರದ ಭಾರ ಇಳಿದಂತೆ ಸರಿದು ಸ್ಟೂಲಿನ ಮೇಲೆ ನೇರವಾಗಿ ಕೂರುತ್ತಾರೆ.

ಮಧ್ಯಾಹ್ನದವರೆಗೆ ಬುಟ್ಟಿಗೆ ಬಿದ್ದದ್ದು ಮೂರು. ಚಿಕ್ಕ ಯಜಮಾನರು ತಾವೇ ನೀರಿನಲ್ಲಿ ಅದ್ದಿ ನೋಡುತ್ತಾರೆ, ಮೂರರಲ್ಲೂ ಗುಳ್ಳೆ. ಪ್ಯಾಕಿಂಗಿಗೆ ಹೋಗುವ ಮಾತನ್ನು ಇಬ್ಬರೂ ಎತ್ತುವುದಿಲ್ಲ. ಏನಾದರೂ ಬೇಕೇ ಎಂದು ಯಜಮಾನರು ಕೇಳಿದಾಗ ಕೆನ್ನೆಯಕ್ಕ ಎದ್ದು ಸ್ಟೂಲು ತೋರಿಸುತ್ತಾರೆ. "ಒಂದೇ ಆಸೆ. ವಾರಕ್ಕೊಂದು ಗಂಟೆ ನೀವೂ ಇಲ್ಲಿ ಕೂತ್ಕೊಳ್ಳಿ ಸಾರ್."

ಯಜಮಾನರು ಕೂರುತ್ತಾರೆ. ಗಾಳಿ ತುಂಬುತ್ತಾರೆ, ತಿರುಚುತ್ತಾರೆ, ಕೆನ್ನೆಗೆ ಹಿಡಿದು ಐದು ಎಣಿಸುತ್ತಾರೆ. ಮತ್ತೆ ಐದು. ಹಣೆಯಲ್ಲಿ ಬೆವರು.

"ನಂಗೇನೂ ಗೊತ್ತಾಗ್ತಿಲ್ವಲ್ಲಕ್ಕಾ."

"ಏನೂ ಗೊತ್ತಾಗ್ಲಿಲ್ಲ ಅಂದ್ರೆ ಚೆನ್ನಾಗಿದೆ ಅಂತ ಸಾರ್. ನಾನೂ ಅದನ್ನೇ ಮರ್ತಿದ್ದೆ. ಪಕ್ಕಕ್ಕಿಡಿ, ಮುಂದಿಂದು ತಗೊಳ್ಳಿ."